ಎಡಗಡೆಯ ಕವರ್

ಕಳೆದ ವಾರ ಅಕ್ಕನ ಮಗ ಗೋಣಿಕೊಪ್ಪದಿಂದ ಫೋನ್ ಮಾಡಿದ್ದ. ಅಮ್ಮತ್ತಿ ಕಡೆಯ ಯಾರದೋ ತೋಟದ ಗೋಡೌನಿನಲ್ಲಿ ವರ್ಷಗಟ್ಟಲೆ ನಿಂತೇ ಇದ್ದ ಹಳೇ ಯೆಜ್ಡಿ ಬೈಕೊಂದನ್ನು ಕೊಂಡಿದ್ದಾನೆ. ಎಂಜಿನ್ ಕೆಲಸ ಮುಗಿದಿದೆ, ವೈರಿಂಗ್ ಹೊಸದಾಗಿದೆ, ಟ್ಯಾಂಕಿಗೆ ಹೊಡೆದ ಬಣ್ಣ ಒಣಗುತ್ತಿದೆ. ಉಳಿದಿರುವುದು ಹೊಳಪಿನ ಕೆಲಸ: ತಿರುಗುವ ಚಕ್ರಕ್ಕೆ ಹಿಡಿದು ಉಜ್ಜುವ ಬಫಿಂಗ್, ಇಲ್ಲವೇ ಮೇಲೆ ಲೋಹದ ಪದರ ಕಟ್ಟಿಸುವ ಕ್ರೋಮ್. "ಮಾವ, ಎಂಜಿನ್ ಕವರಿಗೆ ಬಫಿಂಗ್ ಹೊಡೆಸ್ಲಾ, ಕ್ರೋಮ್ ಮಾಡಿಸ್ಲಾ? ಒಂದೇ ಮಾತಲ್ಲಿ ಹೇಳಿ" ಅಂದ. "ಬಫಿಂಗ್" ಅಂದೆ. "ಸರಿ ಮಾವ" ಅಂತ ಇಟ್ಟುಬಿಟ್ಟ. ಉತ್ತರ ತಪ್ಪೇನಲ್ಲ. ಆದರೆ ಆ ಒಂದು ಮಾತಿಗೆ ಬಂದು ಮುಟ್ಟಲು ನನಗೆ ಮೂರು ವರ್ಷ ಹಿಡಿದಿತ್ತು. ಆ ಮೂರು ವರ್ಷದಲ್ಲಿ ಅಪ್ಪನ ಗಾಡಿಗೆ ನಾನು ಮಾಡಿದ ಒಂದು ಅನ್ಯಾಯವೂ ಸೇರಿದೆ. ಫೋನಿನಲ್ಲಿ ಅದನ್ನು ಹೇಳಲಾಗಲಿಲ್ಲ. ಅವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಅಪ್ಪ ಪಟ್ಟಾಳದಿಂದ, ಅಂದರೆ ಸೈನ್ಯದಿಂದ, ನಿವೃತ್ತರಾಗಿ ಊರಿಗೆ ಬಂದದ್ದು 1983ರಲ್ಲಿ. ಬಂದ ವರ್ಷವೇ ಮೈಸೂರಿಗೆ ಹೋಗಿ ಯೆಜ್ಡಿ ರೋಡ್‌ಕಿಂಗ್ ತಂದರು. ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಘಟ್ಟ ಹತ್ತಿ ನಮ್ಮ ಅಂಗಳಕ್ಕೆ ಬಂದು ನಿಂತ ದಿನ ನನಗೆ ಏಳು ವರ್ಷ. ಮುಂದೆ ಮೂವತ್ತು ವರ್ಷ ಅದು ನಮ್ಮ ತೋಟದ ಕೆಲಸದ ಗಾಡಿ. ಹಿಂದೆ ಗೊಬ್ಬರದ ಮೂಟೆ, ಮುಂದೆ ಟ್ಯಾಂಕಿನ ಮೇಲೆ ನಾನು. ಹಳೇ ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್, ಅದೂ ಎಡಗಡೆ. ಎಡಗಾಲಿಗೆ ಬಿಡುವೇ ಇಲ್ಲ. ಅಪ್ಪ ಮಳೆಗಾಲ ಪೂರ್ತಿ ಗಂಬೂಟಿನಲ್ಲೇ ಓಡಿಸುತ್ತಿದ್ದರು. ಬೂಟಿನ ಹಿಮ್ಮಡಿಗೆ ಅಂಟಿದ ತೋಟದ ಕೆಂಪು ಮಣ್ಣು ಗೇರ್ ಬದಲಿಸಿದಾಗಲೆಲ್ಲ ಎಡಗಡೆಯ ಎಂಜಿನ್ ಕವರಿಗೆ ಉಜ್ಜುತ್ತಿತ್ತು. ಮಣ್ಣಿನಲ್ಲಿರುವ ಮರಳು ಎಮರಿ ಪೇಪರಿನ ಕೆಲಸವನ್ನೇ ಮಾಡುತ್ತದೆ. ವರ್ಷಗಳು ಕಳೆದಂತೆ ಆ ಜಾಗದಲ್ಲಿ ಹೆಬ್ಬೆರಳು ಕೂರುವಷ್ಟು ದೊಡ್ಡ, ಆಳವಿಲ್ಲದ ಒಂದು ತಗ್ಗು ಆಯಿತು.

ಬೆಳಗುವುದು

ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದು ಮಳೆ ಸ್ವಲ್ಪ ಕೈಬಿಟ್ಟ ಹೊತ್ತು, ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಹಬ್ಬಕ್ಕೆ ಎರಡು ದಿನ ಇರುವಾಗಲೇ ನಮ್ಮ ಜಗಲಿಯಲ್ಲಿ ಗೋಣಿಚೀಲ ಹಾಸುತ್ತಿದ್ದರು. ಅದರ ಮೇಲೆ ಕೋವಿ, ಒಡಿಕತ್ತಿ, ತೋಟದ ಕತ್ತಿಗಳು, ಗುದ್ದಲಿ. ಒಂದು ಮೂಲೆಯಲ್ಲಿ ಅವ್ವ ಹುಣಸೆಹುಳಿ ಮತ್ತು ಒಲೆಬೂದಿ ಇಟ್ಟುಕೊಂಡು ಹಿತ್ತಾಳೆಯ ತೂಗುದೀಪ ಬೆಳಗುತ್ತಾ ಕೂತಿರುತ್ತಿದ್ದಳು. ಅಂಗಳದ ಅಂಚಿನಲ್ಲಿ, ಮಾಡಿನ ಕೆಳಗೆ, ಅಪ್ಪ ಲೋಹ ಬೆಳಗುವ ಬ್ರಾಸೋ ಪಾಲಿಶಿನ ಡಬ್ಬಿ ಹಿಡಿದು ಯೆಜ್ಡಿಯ ಮುಂದೆ. ಪಟ್ಟಾಳದಲ್ಲಿ ಬೆಲ್ಟಿನ ಬಕಲ್ ಉಜ್ಜಿ ಉಜ್ಜಿ ಅವರ ಕೈಗೆ ಆ ಕೆಲಸ ಪಳಗಿತ್ತು. ಹಳೇ ಬನಿಯನ್ ತುಂಡಿಗೆ ಒಂದು ಹನಿ ಹಾಕಿ, ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕುವುದು. ಬಟ್ಟೆ ಇಜ್ಜಲಿನ ಹಾಗೆ ಕಪ್ಪಾಗುತ್ತಿತ್ತು. "ಎಷ್ಟು ಕೊಳೆ ಅಪ್ಪಾ!" ಅಂದಿದ್ದೆ ಒಮ್ಮೆ. "ಕೊಳೆ ಎಲ್ಲಿದೆ? ಕವರ್ ಮೊದಲೇ ತೊಳೆದಾಯ್ತಲ್ಲ. ಇದು ಗಾಡಿಯದ್ದೇ ಲೋಹ. ಬಟ್ಟೆ ಕಪ್ಪಾದಷ್ಟೂ ಕವರ್ ಸವೆದ ಹಾಗೆ. ಅದಕ್ಕೇ ವರ್ಷಕ್ಕೆ ಒಂದು ಸಲ ಸಾಕು" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಎಂಜಿನ್ ಕವರ್ ಅಲ್ಯೂಮಿನಿಯಂನದ್ದು. ಅಲ್ಯೂಮಿನಿಯಂ ಗಾಳಿಗೆ ತೆರೆದ ಕ್ಷಣವೇ ಅದರ ಮೇಲೊಂದು ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಬಣ್ಣವಿಲ್ಲದ್ದು, ಒಳಗಿನ ಲೋಹವನ್ನು ಕಾಯುವ ಪದರ ಅದು. ಬೆಳಗುವಾಗ ನಾವು ಆ ಪದರವನ್ನೂ ಅದರ ಕೆಳಗಿನ ಒಂದಿಷ್ಟು ಲೋಹವನ್ನೂ ಕೆರೆದು ತೆಗೆಯುತ್ತೇವೆ. ಬಟ್ಟೆಯ ಕಪ್ಪೆಲ್ಲ ನುಣ್ಣಗೆ ಪುಡಿಯಾದ ಆ ಲೋಹವೇ. ನಾವು ಕೈ ತೊಳೆದು ಬರುವಷ್ಟರಲ್ಲಿ ಹೊಸ ಪದರ ಬಂದಿರುತ್ತದೆ. ಹೊರಗಿನಿಂದ ಯಾವುದನ್ನೂ ತಂದು ಹಚ್ಚುವುದಿಲ್ಲ. ನಮ್ಮ ಭಾಷೆಯಲ್ಲಿ ದೀಪವನ್ನೂ ಬೆಳಗುತ್ತೇವೆ, ಪಾತ್ರೆಯನ್ನೂ ಬೆಳಗುತ್ತೇವೆ. ಎರಡು ಕೆಲಸಕ್ಕೂ ಒಂದೇ ಮಾತು ಯಾಕೆ ಅಂತ ಅವ್ವ ತಿಕ್ಕಿಟ್ಟ ತೂಗುದೀಪ ನೋಡಿದವರಿಗೆ ಕೇಳಬೇಕಾಗಿ ಬರುವುದಿಲ್ಲ.

ಕೋವಿಗೆ ಮಾತ್ರ ಬ್ರಾಸೋ ಮುಟ್ಟಿಸಲು ಅಪ್ಪ ಬಿಡುತ್ತಿರಲಿಲ್ಲ. ಕೋವಿಯ ನಳಿಗೆ ಕಪ್ಪುನೀಲಿ. ಅದೂ ಒಂದು ಬಗೆಯ ಕಬ್ಬಿಣದ ಆಕ್ಸೈಡೇ, ಬೇಕೆಂದೇ ಕಟ್ಟಿಸಿದ್ದು, ಎಣ್ಣೆ ಹಿಡಿದಿಟ್ಟುಕೊಂಡು ಕೆಂಪು ತುಕ್ಕನ್ನು ದೂರ ಇಡುವಂಥದ್ದು. ಅದನ್ನು ಉಜ್ಜಿದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಮುಂದಿನ ಮಳೆಗೆ ತುಕ್ಕು ಹಿಡಿಯುತ್ತದೆ. ನಳಿಗೆಗೆ ಎಣ್ಣೆಬಟ್ಟೆ ಎಳೆದು, ತುದಿಗೆ ಹಬ್ಬದ ಹೂವಾದ ತೋಕ್‌ಪೂ ಸಿಕ್ಕಿಸಿ ಒಳಗಿಡುತ್ತಿದ್ದರು. ಯಾವ ಲೋಹಕ್ಕೆ ಯಾವ ಉಪಚಾರ ಎಂಬುದನ್ನು ನಾನು ಕಲಿಯಬೇಕಿದ್ದ ಪಾಠವೆಲ್ಲ ಆ ಜಗಲಿಯ ಮೇಲೇ ಇತ್ತು. ಆಗ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ಮೈಸೂರಿನ ತೊಟ್ಟಿಗಳು

ಅಪ್ಪ ತೀರಿಕೊಂಡದ್ದು 2014ರಲ್ಲಿ. ಎರಡು ವರ್ಷ ಗಾಡಿ ಕೊಟ್ಟಿಗೆಯಲ್ಲೇ ನಿಂತಿತು. 2016ರ ಬೇಸಿಗೆಯಲ್ಲಿ, ಕಾಫಿ ಕುಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ಕಾಸು ಓಡಾಡುವಾಗ, ಅದನ್ನು ಮೊದಲಿನಂತೆ ಮಾಡುವ ಹುಚ್ಚು ಹಿಡಿಯಿತು. ಮೊದಲಿನಂತೆ ಅಂದುಕೊಂಡೆ, ನಿಜವಾಗಿ ಬೇಕಿದ್ದದ್ದು ಮೊದಲಿಗಿಂತ ಹೆಚ್ಚು. ಹ್ಯಾಂಡಲ್, ಎರಡೂ ಸೈಲೆನ್ಸರ್, ಹೆಡ್‌ಲೈಟ್ ರಿಂಗ್ ಇವಕ್ಕೆ ಹೇಗೂ ಹೊಸ ಕ್ರೋಮ್ ಬೇಕಿತ್ತು. ಇವೆಲ್ಲ ಉಕ್ಕು, ಫ್ಯಾಕ್ಟರಿಯಿಂದಲೇ ಕ್ರೋಮ್ ಆಗಿ ಬಂದಂಥವು. ಅದರ ಜೊತೆಗೆ ಎಂಜಿನ್ ಕವರ್‌ಗಳನ್ನೂ ಚೀಲಕ್ಕೆ ತುಂಬಿದೆ. ಪಾಲಿಶ್ ಮಾಡಿದ ಅಲ್ಯೂಮಿನಿಯಂ ಪಕ್ಕದಲ್ಲಿ ಹೊಸ ಕ್ರೋಮ್ ಇಟ್ಟರೆ ಅಲ್ಯೂಮಿನಿಯಂ ಮಂಕಾಗಿ ಕಾಣುತ್ತದಲ್ಲ, ಅದಕ್ಕೆ. ಅಚ್ಚರಿ ಅಂದರೆ ಲೆಕ್ಕ ಹಾಗಿಲ್ಲ. ಬೆಳಗಿದ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 90ರಷ್ಟನ್ನು ಹಿಂತಿರುಗಿಸುತ್ತದೆ. ಕ್ರೋಮ್ ಹಿಂತಿರುಗಿಸುವುದು ಶೇ 65ರ ಆಸುಪಾಸು. ಆದರೆ ಕ್ರೋಮ್ ಬಹಳ ಗಟ್ಟಿ, ನುಣುಪು, ಸ್ವಲ್ಪ ನೀಲಿ ಛಾಯೆಯದ್ದು, ಅದರೊಳಗೆ ನೆರಳು ಕಪ್ಪಗೆ ಬೀಳುತ್ತದೆ. ಅಲ್ಯೂಮಿನಿಯಂನದ್ದು ಹಾಲಿನಂಥ ಬೆಳಕು. ಕ್ರೋಮ್‌ನದ್ದು ಬಾವಿನೀರಿನ ಬೆಳಕು, ಬಗ್ಗಿ ನೋಡಿದರೆ ನಮ್ಮ ಮುಖ ಕಾಣುವಂಥದ್ದು.

ಪ್ಲೇಟಿಂಗ್ ಅಂಗಡಿಯ ಯಜಮಾನರು ಚೀಲ ಸುರಿಸಿ ನೋಡಿ "ಎಲ್ಲಾ ಮಾಡಿಕೊಡ್ತೀವಿ ಸಾರ್" ಅಂದರು. ಒಳಗೆ ಬಫಿಂಗ್ ಚಕ್ರದ ಮುಂದೆ ಒಬ್ಬ ವಯಸ್ಸಾದ ಕೆಲಸಗಾರರಿದ್ದರು. ಮೂಗಿಗೆ ಟವೆಲ್ ಕಟ್ಟಿದ್ದರು, ಕಣ್ಣು ಬಿಟ್ಟು ಮುಖವೆಲ್ಲ ಕಪ್ಪು. ಕವರ್‌ಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ತಿರುಗಿಸಿದರು. ಎಡಗಡೆಯದರ ಮೇಲೆ ಅವರ ಹೆಬ್ಬೆರಳು ನೇರ ಹೋಗಿ ಆ ತಗ್ಗಿನಲ್ಲಿ ಕೂತಿತು. "ಇದು ಏಟು ಬಿದ್ದಿದ್ದಲ್ಲ ಸಾರ್, ಸವೆದಿರೋದು. ಕಾಲಿಂದ. ತುಂಬಿಸ್ಬೇಕಾ?" ಎಂದು ಕೇಳಿ ನನ್ನ ಮುಖವನ್ನೇ ನೋಡಿದರು. ನಾನು "ತುಂಬಿಸಿ" ಅಂದೆ. ಅಷ್ಟು ಸಲೀಸಾಗಿ ಅಂದೆ. ಅವರಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಅವತ್ತು ಮಧ್ಯಾಹ್ನ ಅಲ್ಲೇ ನಿಂತು ಕೆಲಸ ನೋಡಿದೆ. ಕ್ರೋಮ್ ಅನ್ನುವುದು ಬಣ್ಣದ ಹಾಗೆ ಮೇಲೆ ಬಳಿಯುವ ವಸ್ತು ಅಂದುಕೊಂಡವರು ಒಮ್ಮೆ ನೋಡಬೇಕು. ಮುಕ್ಕಾಲು ಪಾಲು ಕೆಲಸ ಬಫಿಂಗ್ ಚಕ್ರದ ಮುಂದೆಯೇ ಮುಗಿಯುತ್ತದೆ, ಯಾಕೆಂದರೆ ಪ್ಲೇಟಿಂಗ್ ಏನನ್ನೂ ಮುಚ್ಚಿಡುವುದಿಲ್ಲ. ಕೆಳಗೆ ಒಂದು ಗೀರು ಇದ್ದರೆ ಮೇಲೆ ಅದೇ ಗೀರು ಇನ್ನಷ್ಟು ಹೊಳೆದು ಕಾಣುತ್ತದೆ. ಹಾಗಾಗಿ ಪಾಲಿಶೋ ಕ್ರೋಮೋ ಎಂದು ಕೇಳುವಾಗ ನಾವು ಮರೆಯುವ ಮಾತೊಂದಿದೆ: ಪಾಲಿಶ್ ಇಲ್ಲದೆ ಕ್ರೋಮ್ ಇಲ್ಲ. ಪಾಲಿಶ್ ಆದಮೇಲೆ ತೊಟ್ಟಿಗಳ ಸಾಲು. ಉಕ್ಕಿಗಾದರೆ ತಾಮ್ರ, ನಿಕಲ್, ಕೊನೆಗೆ ಕ್ರೋಮ್. ಅಲ್ಯೂಮಿನಿಯಂ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ, ಅದರ ಆಕ್ಸೈಡ್ ಪದರದ ಮೇಲೆ ಯಾವುದೂ ಅಂಟುವುದಿಲ್ಲ. ಅದಕ್ಕೆ ಮೊದಲು ಜಿಂಕೇಟ್ ದ್ರಾವಣದಲ್ಲಿ ಅದ್ದಿ ಸತುವಿನ ತೆಳುಪದರ ಕಟ್ಟಿಸಿ, ಅದರ ಮೇಲೆ ತಾಮ್ರ ಕೂರಿಸಬೇಕು. ತಗ್ಗು ಇದ್ದರೆ ತಾಮ್ರವನ್ನೇ ದಪ್ಪಗೆ ಕಟ್ಟಿಸಿ, ಸಮ ಆಗುವ ತನಕ ಉಜ್ಜುತ್ತಾರೆ. ನಿಕಲ್ ಪದರ 10ರಿಂದ 30 ಮೈಕ್ರಾನ್. ಕೊನೆಯ ಕ್ರೋಮ್ ಪದರ ಅರ್ಧ ಮೈಕ್ರಾನ್ ಕೂಡ ಬರುವುದು ಅಪರೂಪ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಹೋಲಿಸಿಕೊಳ್ಳಿ. ನಾವು ಕ್ರೋಮ್ ಎಂದು ಮೆಚ್ಚುವ ಹೊಳಪು ಬಹುಪಾಲು ನಿಕಲ್‌ನದ್ದು. ನಿಕಲ್ ಹಳದಿಗೆ ತಿರುಗದಂತೆ ಕಾಯುವುದು, ಆ ನೀಲಿ ಛಾಯೆ ಕೊಡುವುದು ಕ್ರೋಮ್‌ನ ಪಾಲಿನ ಕೆಲಸ. ಹಳೇ ಹ್ಯಾಂಡಲ್ಲಿನಲ್ಲಿ ಕೈ ಹಿಡಿದು ಹಿಡಿದು ಹಳದಿಯಾದ ಜಾಗ ಕಂಡರೆ ಅಲ್ಲಿ ಕ್ರೋಮ್ ಸವೆದು ನಿಕಲ್ ಇಣುಕುತ್ತಿದೆ ಎಂದು ಅರ್ಥ. ಅಂಥದ್ದಕ್ಕೆ ಬ್ರಾಸೋ ಹಾಕಿ ತಿಕ್ಕುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಅರ್ಧ ಮೈಕ್ರಾನ್ ಎಷ್ಟು ದಿನ ಬಂದೀತು? ಕ್ರೋಮ್ ಅನ್ನು ಸೋಪುನೀರಿನಲ್ಲಿ ತೊಳೆದು, ಒರೆಸಿ, ವ್ಯಾಕ್ಸ್ ಹಚ್ಚಿದರೆ ಸಾಕು.

ಕ್ರೋಮ್ ತೊಟ್ಟಿಯ ನೀರು ಕಡು ಕಿತ್ತಳೆ. ಕರೆಂಟ್ ಹಾಯಿಸಿದಾಗ ಸಣ್ಣ ಗುಳ್ಳೆಗಳು ಎದ್ದು, ಒಡೆದು, ಅದರಿಂದೊಂದು ಮಂಜು ಏಳುತ್ತದೆ. ಗಂಟಲು ತಕ್ಷಣ ಕಟ್ಟಿಕೊಂಡಿತು. ಆ ದ್ರಾವಣದಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ವರ್ಷಗಟ್ಟಲೆ ಆ ಮಂಜನ್ನು ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯೇ ತೂತು ಬೀಳುವುದು ಪ್ಲೇಟಿಂಗ್ ಕೆಲಸಗಾರರಲ್ಲಿ ಬಹಳ ಹಿಂದಿನಿಂದ ಕಂಡ ಕಾಯಿಲೆ. ಯುರೋಪಿನಲ್ಲಿ 2017ರಿಂದ ಪ್ರತ್ಯೇಕ ಅನುಮತಿ ಇಲ್ಲದೆ ಆ ರಾಸಾಯನಿಕ ಬಳಸುವಂತಿಲ್ಲ. ಅಪಾಯ ಎಷ್ಟೋ ಪಾಲು ಕಡಿಮೆ ಇರುವ ಟ್ರೈವೇಲೆಂಟ್ ಕ್ರೋಮ್ ಬಂದಿದೆ, ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ. ಆ ತೊಟ್ಟಿಯ ಮೇಲೆ ಬಾಗಿ ನನ್ನ ಹ್ಯಾಂಡಲ್ ಎತ್ತುತ್ತಿದ್ದ ಹುಡುಗನಿಗೆ ಮಾಸ್ಕ್ ಇರಲಿಲ್ಲ, ಕೈಗವಸು ಹರಿದಿತ್ತು. ನನ್ನ ಗಾಡಿಯ ಹೊಳಪಿನ ಬೆಲೆಯಲ್ಲಿ ಅವನ ಉಸಿರೂ ಸೇರಿತ್ತು. ಬೇಕಾದಷ್ಟಕ್ಕೆ ಮಾತ್ರ ಕ್ರೋಮ್ ಮಾಡಿಸಬೇಕು ಎಂದು ನಾನು ಈಗ ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಮಳೆ

ಮೊದಲ ವರ್ಷ ಗಾಡಿ ಕಣ್ಣು ಕೋರೈಸಿತು. ಮಡಿಕೇರಿಗೆ ಹೋದರೆ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಜನ ನಿಲ್ಲಿಸಿ ಕೇಳುತ್ತಿದ್ದರು. ಅವ್ವ ಮಾತ್ರ ಒಂದು ಸಲ ಹತ್ತಿರ ಬಂದು ನೋಡಿ, "ಚೆಂದ ಆಗಿದೆ. ಆದರೆ ನಿಮ್ಮಪ್ಪನ ಗಾಡಿ ಅನ್ನಿಸೋದಿಲ್ಲ" ಅಂದು ಒಳಗೆ ಹೋದಳು. ಆಗ ನನಗೆ ಬೇಸರವಾಗಿತ್ತು.

2018ರ ಆಗಸ್ಟ್ ಕೊಡಗಿನವರಿಗೆ ಬೇರೆಯೇ ಕಾರಣಕ್ಕೆ ನೆನಪು. ಗುಡ್ಡಗಳೇ ಜಾರಿ ಬರುತ್ತಿದ್ದ ಆ ದಿನಗಳಲ್ಲಿ ಬೈಕಿನ ಕಡೆ ನೋಡುವವರು ಯಾರು? ಸೆಪ್ಟೆಂಬರಿನಲ್ಲಿ ಕೊಟ್ಟಿಗೆಯ ಟಾರ್ಪಾಲು ಸರಿಸಿದಾಗ ಎರಡೂ ಕವರ್‌ಗಳ ಮೇಲೆ ಬೊಬ್ಬೆ ಎದ್ದಿತ್ತು. ಸುಟ್ಟ ಚರ್ಮದ ಮೇಲೆ ಏಳುವಂಥದ್ದೇ. ಉಗುರಿನಲ್ಲಿ ಒತ್ತಿದರೆ ಚಕ್ಕೆ ಎದ್ದು, ಕೆಳಗೆ ಬಿಳಿ ಹುಡಿ. ಅದೇ ಅಂಗಡಿಯಲ್ಲಿ, ಅದೇ ವಾರ ಮಾಡಿಸಿದ ಹ್ಯಾಂಡಲ್ಲಿಗೆ ಏನೂ ಆಗಿರಲಿಲ್ಲ. ಸೈಲೆನ್ಸರಿನ ಅಡಿಯಲ್ಲಿ ಸೂಜಿಮೊನೆಯಷ್ಟು ನಾಲ್ಕಾರು ಕೆಂಪು ಚುಕ್ಕೆ, ಅಷ್ಟೇ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಆದರೆ ತಪ್ಪನ್ನೆಲ್ಲ ಮಳೆಯ ಮೇಲೆ ಹಾಕಲಾರೆ. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಯಾವಾಗಲೂ ಇರುತ್ತವೆ, ನೀರನ್ನು ತಡೆಯುವುದು ಕೆಳಗಿನ ನಿಕಲ್. ಎಲ್ಲೋ ಒಂದು ಕಲ್ಲೇಟಿಗೆ ನಿಕಲ್ ತೂತಾದರೆ ಸಾಕು, ನೀರು ಅಲ್ಯೂಮಿನಿಯಂ ತನಕ ಇಳಿಯುತ್ತದೆ. ನಿಕಲ್ಲೂ ತಾಮ್ರವೂ ಅಲ್ಯೂಮಿನಿಯಂ ಜೊತೆ ಒದ್ದೆಯಾಗಿ ಕೂತರೆ ಅದೊಂದು ಬ್ಯಾಟರಿ, ಕರಗಿ ಹೋಗುವ ಸರದಿ ಯಾವಾಗಲೂ ಅಲ್ಯೂಮಿನಿಯಂನದ್ದು. ಹುಟ್ಟಿದ ಬಿಳಿ ಹುಡಿಗೆ ಜಾಗ ಹೆಚ್ಚು ಬೇಕು, ಮೇಲಿನ ಪದರವನ್ನು ಎತ್ತುತ್ತದೆ. ಸಾಲದ್ದಕ್ಕೆ ಎಂಜಿನ್ ಕವರ್ ದಿನಾ ಬಿಸಿಯಾಗಿ ತಣಿಯುವ ಭಾಗ, ಎರಕದ ಅಲ್ಯೂಮಿನಿಯಂನಲ್ಲಿ ಸಣ್ಣ ರಂಧ್ರಗಳೂ ಇರುತ್ತವೆ, ತೊಟ್ಟಿಯ ಆಸಿಡ್ ಅದರಲ್ಲಿ ಉಳಿದರೆ ಒಳಗಿನಿಂದಲೇ ತಿನ್ನಲು ಶುರು.

ಇನ್ನು ನಮ್ಮ ತೋಟದ ಪಾಲು. ನಾನೂ ಅಪ್ಪನ ಹಾಗೆಯೇ ಗೊಬ್ಬರದ ಮೂಟೆ ಹೇರುತ್ತಿದ್ದೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಸಮುದ್ರದ ಗಾಳಿ ಲೋಹಕ್ಕೆ ಮಾಡುವುದನ್ನು ಒಂದು ಹರಿದ ಪೊಟ್ಯಾಷ್ ಚೀಲ ಘಟ್ಟದ ಮೇಲೂ ಮಾಡುತ್ತದೆ. ಮಳೆಗೆ ಮುಂಚೆ ಕರಿಮೆಣಸಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ತಾಮ್ರದ ಲವಣ. ಅದರ ನೀರು ಬರಿಯ ಅಲ್ಯೂಮಿನಿಯಂ ಮೇಲೆ ಬಿದ್ದರೆ ತಾಮ್ರ ಅಲ್ಲೇ ಕೂತು, ಸುತ್ತ ಗುಳಿ ಬೀಳಿಸುತ್ತದೆ. ಕಾಫಿಗೂ ಅದೇ ಬೋರ್ಡೋ ಕಾವಲು, ಅಲ್ಲಿ ಅದು ಕಾಯುವ ರೋಗದ ಹೆಸರು ಎಲೆ ತುಕ್ಕು. ಎಲೆಯ ತುಕ್ಕನ್ನು ತಡೆಯುವ ಮದ್ದು ಗಾಡಿಯ ಕವರನ್ನು ತಿನ್ನುತ್ತದೆ. ಸಿಂಪಡಣೆಯ ದಿನ ಗಾಡಿಯನ್ನು ತೋಟದೊಳಗೆ ಒಯ್ಯುವುದನ್ನು ಅಪ್ಪ ಯಾಕೆ ಬಿಡುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ.

ತಾಮ್ರದ ಗುರುತು

2019ರ ಬೇಸಿಗೆಯಲ್ಲಿ ಕವರ್ ಬಿಚ್ಚಿ ಕುಶಾಲನಗರದ ಒಂದು ಲೇತ್ ಅಂಗಡಿಗೆ ಒಯ್ದೆ. ಮೇಸ್ತ್ರಿ ಅಪ್ಪನ ಕಾಲದಿಂದ ಯೆಜ್ಡಿ ಕೆಲಸ ಮಾಡಿದವರು. "ಇದಕ್ಕೆ ಯಾರು ಕ್ರೋಮ್ ಮಾಡಿಸಿದ್ದು?" ಎಂದು ಕೇಳಿದರು. "ನಾನೇ ಮೇಸ್ತ್ರಿ" ಅಂದೆ. ಅವರು ಇನ್ನೇನೂ ಅನ್ನಲಿಲ್ಲ. ಎದ್ದ ಚಕ್ಕೆಗಳನ್ನು ಕೆರೆದರು, ಗಟ್ಟಿಯಾಗಿ ಹಿಡಿದದ್ದನ್ನು ಚಕ್ರಕ್ಕೆ ಕೊಟ್ಟು ಮೆಲ್ಲಗೆ ಇಳಿಸಿದರು. ಮೊದಲು ನೀಲಿ ಬಿಳುಪು ಹೋಯಿತು, ಆಮೇಲೆ ನಿಕಲ್‌ನ ಹಳದಿ ಬಿಳುಪು, ಆಮೇಲೆ ಕವರ್ ಪೂರ್ತಿ ತಾಮ್ರದ ಕೆಂಪು. ಕೊನೆಗೆ ಅಲ್ಯೂಮಿನಿಯಂನ ಬೂದು ಬಣ್ಣ ಅಂಚುಗಳಿಂದ ಒಳಮುಖವಾಗಿ ಬಂತು. ಎಲ್ಲ ಕಡೆ ಬಂತು, ಒಂದು ಜಾಗದಲ್ಲಿ ಬಿಟ್ಟು. ಎಡಗಡೆಯ ಕವರಿನಲ್ಲಿ, ಗೇರ್ ಲಿವರಿನ ಹಿಂದೆ, ಹೆಬ್ಬೆರಳಿನಷ್ಟು ದೊಡ್ಡ ಒಂದು ಕೆಂಪು ಮಚ್ಚೆ ಉಳಿಯಿತು.

ನಾನು ಅದನ್ನು ನೋಡುತ್ತಾ ಕೂತುಬಿಟ್ಟೆ. ಇಲ್ಲವಾಗಿಯೇ ಹೋಯಿತು ಎಂದು ನಾನು ಮೂರು ವರ್ಷ ನಂಬಿದ್ದ ಅಪ್ಪನ ಹಿಮ್ಮಡಿಯ ತಗ್ಗು ಅಲ್ಲೇ ಇತ್ತು, ತಾಮ್ರ ತುಂಬಿಕೊಂಡು. "ಹೀಗೇ ಬಿಟ್ಟುಬಿಡೋಣವಾ?" ಅಂದೆ. ಮೇಸ್ತ್ರಿ ತಲೆಯಾಡಿಸಿದರು. "ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಮಳೆ ಬಂದ್ರೆ ತಾಮ್ರ ಸುತ್ತ ಇರೋದನ್ನೆಲ್ಲ ತಿನ್ನುತ್ತೆ. ಚಕ್ರದಲ್ಲಿ ತೆಗೆದ್ರೆ ತಗ್ಗೂ ಹೋಗುತ್ತೆ. ವಿರಾಜಪೇಟೆಯಲ್ಲಿ ಅಕ್ಕಸಾಲಿಗರು ಯಾರಾದ್ರೂ ಗೊತ್ತಿದ್ರೆ ಕೇಳಿ."

ಅಕ್ಕಸಾಲಿಗರ ಹತ್ತಿರ ನೈಟ್ರಿಕ್ ಆಸಿಡ್ ಇರುತ್ತದೆ. ಅದು ತಾಮ್ರವನ್ನು ಕರಗಿಸುತ್ತದೆ. ಗಟ್ಟಿ ನೈಟ್ರಿಕ್ ಆಸಿಡ್ ಅಲ್ಯೂಮಿನಿಯಂ ತಂಟೆಗೆ ಹೋಗುವುದಿಲ್ಲ, ಅದೇ ಆಕ್ಸೈಡ್ ಪದರ ಇನ್ನಷ್ಟು ಬಲವಾಗಿ ಅಡ್ಡ ನಿಲ್ಲುತ್ತದೆ. ಗೊತ್ತಿದ್ದ ಒಬ್ಬ ಅಕ್ಕಸಾಲಿಗರ ಬಳಿ ಕವರ್ ಒಯ್ದೆ. ಅಂಗಡಿಯ ಹಿಂದಿನ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಗಾಜಿನ ಕಡ್ಡಿಯಿಂದ ಅವರು ಹನಿ ಹನಿಯಾಗಿ ಬಿಟ್ಟರು. ಕಂದು ಹೊಗೆ ಎದ್ದಿತು. "ದೂರ ನಿಲ್ಲಿ, ಈ ಹೊಗೆ ಒಳ್ಳೇದಲ್ಲ" ಎಂದು ನನ್ನನ್ನು ಆಚೆ ಸರಿಸಿದರು. ತಗ್ಗಿನಲ್ಲಿ ನಿಂತ ಹನಿ ಹಸಿರಾಯಿತು, ಆಮೇಲೆ ಮೈಲುತುತ್ತದ ನೀಲಿ. ತೊಳೆದು, ಮತ್ತೆ ಹಾಕಿ, ಮತ್ತೆ ತೊಳೆದರು. ನಾಲ್ಕನೇ ಸಲ ತೊಳೆದು ನನ್ನ ಕೈಗೆ ಕೊಟ್ಟಾಗ ತಗ್ಗು ಬರಿದಾಗಿತ್ತು. ಮೊದಲಿನಷ್ಟು ಆಳ ಇಲ್ಲ, ಸುತ್ತಲ ದಿಣ್ಣೆಯನ್ನು ಮೈಸೂರಿನಲ್ಲೇ ಒಂದಷ್ಟು ಉಜ್ಜಿದ್ದಾರೆ. ಆದರೂ ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಿಗುತ್ತದೆ.

ಉಳಿದದ್ದನ್ನು ನಾನೇ ಜಗಲಿಯಲ್ಲಿ ಕೂತು ಮಾಡಿದೆ. 220ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಎಮರಿ ಪೇಪರ್, ನಂಬರ್ ಹೆಚ್ಚಿದಷ್ಟೂ ನಯ) ಶುರು ಮಾಡಿ 400, 600, 1000, 1500, 2000. ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಬೇಕು, ಹಿಂದಿನ ಗೀರೆಲ್ಲ ಮಾಯವಾಗುವ ತನಕ ಮುಂದಿನದಕ್ಕೆ ಹೋಗಬಾರದು. ಅವಸರ ಮಾಡಿದರೆ 220ರ ಒಂದು ಗೀರು ಕೊನೆಯ ಹೊಳಪಿನಲ್ಲಿ ಎದ್ದು ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಐದು ಸಂಜೆ ಹಿಡಿಯಿತು. ತಗ್ಗಿನೊಳಕ್ಕೆ ಪೇಪರ್ ಹಾಕಲಿಲ್ಲ. ಈಗ ಆ ಜಾಗಕ್ಕೆ ನನ್ನ ಗಂಬೂಟಿನ ಹಿಮ್ಮಡಿ ತಾಗುತ್ತದೆ, ಪೂರ್ತಿ ಅಲ್ಲ. ನನ್ನ ಪಾದ ಅಪ್ಪನದ್ದಕ್ಕಿಂತ ಸಣ್ಣದು, ಅರ್ಧ ಇಂಚು ಮುಂದೆ ಉಜ್ಜುತ್ತದೆ. ವರ್ಷಕ್ಕೊಮ್ಮೆ, ಕೈಲ್‌ಪೊಳ್ದ್‌ಗೆ ಎರಡು ದಿನ ಮುಂಚೆ, ಹಳೇ ಬನಿಯನ್ ತುಂಡು. ಮಳೆಗಾಲಕ್ಕೆ ಮುಂಚೆ ಹ್ಯಾಂಡಲ್ಲಿಗೂ ರಿಮ್ಮಿಗೂ ಕೋವಿಯ ಎಣ್ಣೆಬಟ್ಟೆಯಿಂದ ಒಂದು ಕೈ.

ಅಕ್ಕನ ಮಗನಿಗೆ ನಿನ್ನೆ ಮತ್ತೆ ಫೋನ್ ಮಾಡಿ ಒಂದೆರಡು ಮಾತು ಹೇಳಿದೆ. ಹ್ಯಾಂಡಲ್, ಸೈಲೆನ್ಸರ್ ಧಾರಾಳವಾಗಿ ಕ್ರೋಮ್ ಮಾಡಿಸು, ನಿಕಲ್ ದಪ್ಪ ಇರಲಿ ಎಂದು ಕೇಳಿ ಮಾಡಿಸು. ಸ್ಪ್ರಿಂಗು, ಆಕ್ಸಲ್, ಎಂಜಿನ್ ಹಿಡಿಯುವ ಬೋಲ್ಟುಗಳನ್ನು ಮಾತ್ರ ಹೊಳಪಿನ ಆಸೆಗೆ ಕೊಡಬೇಡ, ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸದಿದ್ದರೆ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಅವನು ಎಲ್ಲ ಬರೆದುಕೊಂಡ. "ಕವರ್‌ಗಳನ್ನ ನಾಳಿದ್ದು ಬಫಿಂಗಿಗೆ ಕೊಡ್ತಿದ್ದೀನಿ ಮಾವ" ಅಂದ.

ಚಕ್ರಕ್ಕೂ ತಗ್ಗು ದಿಣ್ಣೆಯ ಭೇದ ಗೊತ್ತಿಲ್ಲ. ನಾಳೆ ಬೆಳಿಗ್ಗೆಯೇ ಗೋಣಿಕೊಪ್ಪಕ್ಕೆ ಹೊರಡುತ್ತೇನೆ. ಆ ಗಾಡಿಯನ್ನು ಅಮ್ಮತ್ತಿಯಲ್ಲಿ ಯಾರು ಓಡಿಸುತ್ತಿದ್ದರೋ ಏನೋ, ಎಡಗಡೆಯ ಕವರನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು.